ಕೆರೆ ಏರಿಯ ಪರದೆ

ಅಮಾವಾಸ್ಯೆಯ ದಿನ ಮಾಗಲಕೆರೆಯಲ್ಲಿ ಮಗ್ಗ ಓಡುವುದಿಲ್ಲ. ಮಿಕ್ಕ ದಿನ ಹಬ್ಬವಿರಲಿ, ಮನೆಯಲ್ಲೇ ಮದುವೆಯಿರಲಿ, ಓಡುತ್ತಲೇ ಇರುತ್ತದೆ. ಅಮಾವಾಸ್ಯೆಗೆ ಮಾತ್ರ ಊರಿಗೆ ಊರೇ ಸ್ವಿಚ್ಚು ಆರಿಸಿ, ಮಗ್ಗ ಒರೆಸಿ, ಲಾಳಿಗೆ ಕುಂಕುಮ ಇಟ್ಟು ಸುಮ್ಮನಾಗುತ್ತದೆ. ಅಂಥ ದಿನ ಪರದೆಗೂ ಕೆಲಸ ಇರಬಾರದು. ನನ್ನ ಮುಂದಿನ ಮಾನಿಟರಿನಲ್ಲಿ ಹಸಿರು ಗೆರೆ ನೆಟ್ಟಗೆ ಮಲಗಿರಬೇಕಿತ್ತು.

ಮಲಗಿರಲಿಲ್ಲ. ನಡುಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಮೇಲೆದ್ದು ಬೀಳುತ್ತಿತ್ತು.

ಪಕ್ಕದ ಕುರ್ಚಿಯಲ್ಲಿದ್ದ ಅಭಿಷೇಕ್ ಅದನ್ನು ನೋಡಿಯೂ ನೋಡದವನಂತೆ ಚಹಾ ಕುಡಿಯುತ್ತಿದ್ದ. ಅವನು ಹುಬ್ಬಳ್ಳಿಯವನು. ನಮ್ಮೂರ ಅಮಾವಾಸ್ಯೆ ಅವನಿಗೆ ಗೊತ್ತಿಲ್ಲ. ಗೊತ್ತಿದ್ದ ನಾನು ಪ್ರತಿ ಅಮಾವಾಸ್ಯೆಗೂ ರಜೆ ಹಾಕಿ ಮನೆಗೆ ಹೋಗಿಬಿಡುತ್ತಿದ್ದೆ. ಮಗ್ಗದ ಪೂಜೆಗೆ ಹೆಣ್ಣುಮಗಳು ಇರಬೇಕೆಂದು ಅಮ್ಮನ ಹಟ. ಈ ಸಲ ಹೋಗಿರಲಿಲ್ಲ. ಬಾ ಎಂದು ಅಮ್ಮ ಕರೆದಿರಲಿಲ್ಲ.

ಪರದೆ ಎಂದೆ. ಅದು ಬಟ್ಟೆಯದಲ್ಲ, ಕಣ್ಣಿಗೆ ಕಾಣುವಂಥದ್ದೂ ಅಲ್ಲ.

ಮೆಟ್ರೊ ರೈಲು ಇನ್ನೂ ನಮ್ಮೂರಿಗೆ ಬಂದಿಲ್ಲ. ಬರುತ್ತದೆಂಬ ಸುದ್ದಿಯೇ ಬೆಂಗಳೂರನ್ನು ತಂದು ನಮ್ಮ ಕೆರೆಯ ಆಚೆ ದಡದಲ್ಲಿ ನಿಲ್ಲಿಸಿತು. ಏರಿಯ ಈಚೆಗೆ ನೇಕಾರರ ಬೀದಿ, ಮನೆಗೆ ಎರಡು ಮೂರು ವಿದ್ಯುತ್ ಮಗ್ಗ. ಏರಿ ದಾಟಿದರೆ ಒಂದು ಹರವು ನೀರು. ನೀರಿನಾಚೆ ಲೇಔಟ್: ಕಾಂಪೌಂಡು, ಬಾಲ್ಕನಿಗಳು, ಈಜುಕೊಳ, ಪುಟ್ಟದೊಂದು ಆಸ್ಪತ್ರೆ. ಬಂದವರು ಕೆರೆ ನೋಡಿ ಮನೆ ಕೊಂಡಿದ್ದರು. ವಾಸಕ್ಕೆ ಬಂದ ಮೇಲೆ ಮಗ್ಗ ಕೇಳಿಸಿತು. ಅರ್ಜಿ ಹೋಯಿತು, ನೋಟೀಸು ಬಂತು, ಮಗ್ಗಗಳನ್ನೆಲ್ಲ ದೂರದ ಕೈಗಾರಿಕಾ ಪ್ರದೇಶಕ್ಕೆ ಸಾಗಿಸುವ ಮಾತು ಬಂತು. ಮಗ್ಗ ಹೋದರೆ ಬೀದಿ ಹೋದಂತೆ. ಅಂಗಳದಲ್ಲಿ ಒಲೆ, ಪಡಸಾಲೆಯಲ್ಲಿ ಮಗ್ಗ, ನಡುವೆ ಮಲಗಿದ ಕೂಸು. ಇದು ನಮ್ಮ ಮನೆಗಳ ಲೆಕ್ಕ.

ಆಗ ಬಂದವರು ಡಾಕ್ಟರ್ ಜಯತೀರ್ಥ. ಎಂ.ಎಸ್ಸಿ.ಯಲ್ಲಿ ನನಗೆ ಧ್ವನಿಶಾಸ್ತ್ರ ಕಲಿಸಿದವರು.

ಸದ್ದು ಎಂದರೆ ಗಾಳಿಯ ಏರಿಳಿತ. ಏರಿಕೆಗೆ ಸರಿಯಾಗಿ ಒಂದು ಇಳಿತವನ್ನು ಕೂಡಿಸಿದರೆ ಏನೂ ಉಳಿಯುವುದಿಲ್ಲ. ಹೆಡ್‌ಫೋನಿನೊಳಗೆ ಇದು ಹಳೆಯ ವಿದ್ಯೆ. ಬಯಲಿನಲ್ಲಿ ಇದು ಸಾಧ್ಯವಿರಲಿಲ್ಲ, ಯಾಕೆಂದರೆ ಸದ್ದು ಬಂದ ಮೇಲೆ ಅದಕ್ಕೆ ಎದುರು ಸದ್ದು ಹುಡುಕುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಮುಂದಿನ ಸದ್ದು ಯಾವುದೆಂದು ಮೊದಲೇ ತಿಳಿದಿರಬೇಕು. ಜಯತೀರ್ಥರ ಯಂತ್ರಕ್ಕೆ ಅದು ತಿಳಿಯುತ್ತಿತ್ತು. ಯಾವುದೇ ಸದ್ದನ್ನು ಸಾಕಷ್ಟು ಸಲ ಕೇಳಿಸಿದರೆ ಅದರ ಚಾಳಿ ಕಲಿತು, ಅದು ಮುಂದೆ ಹೇಗೆ ಹೊರಳುತ್ತದೆ ಎಂದು ಕಣ್ಣು ಮಿಟುಕಿಸುವ ಮುಂಚೆ ಊಹಿಸುತ್ತಿತ್ತು. ಏರಿಯುದ್ದಕ್ಕೂ ಕಬ್ಬಿಣದ ಕಂಬಗಳನ್ನು ನೆಟ್ಟರು. ಊರಿನ ಕಡೆಯಿಂದ ಬಂದ ಸದ್ದು ಕಂಬಗಳ ಸಾಲಿನಲ್ಲೇ ಸತ್ತು ಬೀಳುತ್ತಿತ್ತು. ಆಚೆಯಿಂದ ಈಚೆಗೆ ಬರುವುದಕ್ಕೆ ತಡೆಯಿರಲಿಲ್ಲ; ಲೇಔಟಿನ ದೀಪಾವಳಿ, ಹುಟ್ಟುಹಬ್ಬದ ಹಾಡು ಎಲ್ಲ ನಮ್ಮ ಬೀದಿಗೆ ಬರುತ್ತಿದ್ದವು. ಯಂತ್ರ ಕಲಿಯುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ. ಊರಿನ ಹಿಟ್ಟಿನ ಗಿರಣಿಗೆ ಹೊಸ ಮೋಟಾರು ಬಂದಾಗ ಬೆಳಿಗ್ಗೆ ಆಚೆ ದಡಕ್ಕೆ ಕೇಳಿಸಿದ್ದು ಸಂಜೆಯ ಹೊತ್ತಿಗೆ ಕೇಳಿಸಲಿಲ್ಲ.

ಕಲಿಸಲು ಮೊದಲು ಮಗ್ಗಗಳ ಸದ್ದು ಬೇಕಿತ್ತು. ಪ್ರತಿ ಮಗ್ಗಕ್ಕೂ ಅದರದೇ ಕುಂಟು ಇರುತ್ತದೆ. ಮೊದಲ ಪ್ರಯೋಗಕ್ಕೆ ಬೇರೆಯವರು ಬಂದು ಬರೀ ಮಗ್ಗದ ಸದ್ದು ಹಿಡಿದು ಹೋಗಿದ್ದರು; ಎರಡನೆಯ ಸಲ ಮನೆಮನೆಗೆ ಹೋಗಿ ಮೈಕು ಹಿಡಿಯುವ ಕೆಲಸ ನನಗೆ ಸಿಕ್ಕಿತು.

"ನೀನು ಹೋದರೆ ಬಾಗಿಲು ತೆಗೀತಾರೆ" ಎಂದಿದ್ದರು ಜಯತೀರ್ಥ. "ಅವರ ಪಾಡಿಗೆ ಅವರು ಇರಲಿ. ಮಗ್ಗ ನಿಲ್ಲಿಸೋದು ಬೇಡ. ನಿನ್ನ ಜೊತೆ ಮಾತಾಡ್ತಾ ಇರಲಿ, ಹೆದರಿಕೆ ಹೋಗುತ್ತೆ."

ನಿಲ್ಲಿಸಲೇ ಎಂದು ಯಾರೂ ಕೇಳಲೂ ಇಲ್ಲ. ನಮ್ಮಲ್ಲಿ ಮಾತಿಗಾಗಿ ಮಗ್ಗ ನಿಲ್ಲಿಸುವ ರೂಢಿಯಿಲ್ಲ. ಹುಟ್ಟಿದಂದಿನಿಂದ ಅದರ ಮೇಲೆ ದನಿ ಎತ್ತಿ, ಪದದ ಕೊನೆಯನ್ನು ಎಳೆದು ಮಾತಾಡುತ್ತೇವೆ. ಬಸ್ಸಿನಲ್ಲಿ, ಕಚೇರಿಯಲ್ಲಿ ಜನ ನಮ್ಮನ್ನು ಅದರಿಂದಲೇ ಗುರುತು ಹಿಡಿಯುತ್ತಾರೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ಮೊದಲ ವಾರ ಒಬ್ಬಳು, "ಯಾಕೆ ಯಾವಾಗಲೂ ಜಗಳ ಆಡೋ ಥರ ಮಾತಾಡ್ತೀಯ?" ಎಂದು ಕೇಳಿದ್ದಳು. ಅಂದಿನಿಂದ ನಾನು ಮಾತು ಕಡಿಮೆ ಮಾಡಿದೆ. ಕ್ರಮೇಣ ಅದನ್ನೇ ನನ್ನ ಸ್ವಭಾವವೆಂದು ಎಲ್ಲರೂ ನಂಬಿದರು. ನಾನೂ ನಂಬಿದೆ.

ನಮ್ಮ ಮನೆಗೆ ಮೈಕು ಹಿಡಿದು ಹೋದ ದಿನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಮಗ್ಗದ ನಡುವೆ ನಿಂತಿದ್ದಳು. ಅಮ್ಮನ ಹೆಸರು ಚೌಡಮ್ಮ. ಅಪ್ಪ ಹೋದ ಮೇಲೆ ಅವಳೂ ಅವಳ ತಮ್ಮ ಕಾಂತರಾಜು ಮಾವನೂ ಮಗ್ಗ ನಡೆಸುತ್ತಿದ್ದರು.

"ಇದೇನೇ ಇಂದ್ರಾಣಿ, ಐಸ್ ಕ್ಯಾಂಡಿ ಮಾರೋಕೆ ಬಂದವಳ ಥರ ಕೋಲು ಹಿಡ್ಕೊಂಡು ನಿಂತಿದೀಯ?" ಎಂದಳು ಮಗ್ಗದ ಮೇಲಿಂದಲೇ.

"ಮಗ್ಗದ ಸದ್ದು ತಗೋತಿದೀನಿ ಅಮ್ಮ."

"ತಗೋ, ಎಲ್ಲಾನೂ ತಗೊಂಡು ಹೋಗು. ನನಗಂತೂ ಸಾಕಾಗೈತೆ."

ಮಾವ ನಕ್ಕ. "ಅಕ್ಕಯ್ಯನ ಬಾಯಿ ಸದ್ದೂ ತಗೊಂಡು ಹೋಗವ್ವ, ಬೀದಿ ತಣ್ಣಗಾಯ್ತದೆ."

"ಮುಚ್ಚೋ ಸಾಕು! ಎಳೆ ಕಿತ್ತೈತೆ ನೋಡ್ಕೋ ಅಲ್ಲಿ."

ಅಷ್ಟು ಹೊತ್ತೂ ಮೈಕು ನನ್ನ ಕೈಯಲ್ಲಿತ್ತು. ಅವರು ಮಾತಾಡುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ, ಮಗ್ಗ ಓಡುತ್ತಿತ್ತು. ಎಲ್ಲ ಮನೆಯಲ್ಲೂ ಹಾಗೆಯೇ ನಡೆಯಿತು. ಪರದೆ ಬಂದರೆ ಮಗ್ಗ ಇಲ್ಲೇ ಉಳಿಯುತ್ತದೆ ಎಂದು ಜಯತೀರ್ಥ ಹೇಳಿದ್ದನ್ನು ನಾನು ಎಲ್ಲ ಮನೆಯಲ್ಲೂ ಹೇಳಿದೆ. ಆ ಮಾತು ಸುಳ್ಳಾಗಲಿಲ್ಲ. ಮಗ್ಗ ಉಳಿಯಿತು.

ನಿಯಂತ್ರಣ ಕೊಠಡಿ ಲೇಔಟಿನ ಕ್ಲಬ್ ಹೌಸಿನ ಮೇಲಂತಸ್ತಿನಲ್ಲಿ, ಗೇಟಿನ ಪಕ್ಕದಲ್ಲೇ ಇದೆ; ಒಳಗಿನವರು ಹೇಳದೆ ಊರಿನವರಿಗೆ ಆ ಗೇಟು ತೆರೆಯುವುದಿಲ್ಲ. ಕಿಟಕಿ ನೀರಿನ ಕಡೆಗೆ. ಒಳಗೆ ಫೋನು ತರುವಂತಿಲ್ಲ. ಕೆಳಗಿನ ಲಾಕರಿನಲ್ಲಿ ಇಟ್ಟು ಬರಬೇಕು. ಹಾಗಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅಮ್ಮನಿಗೆ ಹೇಳಿದ್ದೆ, "ಏನಾದರೂ ಬೇಕಾದರೆ ಏರಿ ಹತ್ತಿ ಕೂಗು. ಕಿಟಕಿಯಿಂದ ಕೇಳಿಸುತ್ತೆ." ನೀರಿನ ಮೇಲೆ ದನಿ ಚೆನ್ನಾಗಿ ಹಾಯುತ್ತದೆ. ನಮ್ಮೂರ ಹೆಂಗಸರು ಎಮ್ಮೆ ಕರೆದದ್ದು, ಮಕ್ಕಳನ್ನು ಊಟಕ್ಕೆ ಕರೆದದ್ದು ಎಲ್ಲ ಆ ಏರಿಯ ಮೇಲಿಂದಲೇ. ಆಗಿನ್ನೂ ಕಂಬ ನೆಟ್ಟಿರಲಿಲ್ಲ. ಮೊದಮೊದಲು ಸಂಜೆ, "ಇಂದ್ರಾಣೀ, ಹುಳಿಸಾರು ಮಾಡೀನಿ" ಎಂದು ಕರೆಯುತ್ತಿದ್ದಳು. ಆಮೇಲೆ ಆ ಕರೆ ನಿಂತುಹೋಯಿತು. ವಯಸ್ಸಾಯಿತು, ಏರಿ ಹತ್ತಲು ಮೊಣಕಾಲು ನೋಯುತ್ತದೆಯೇನೋ ಎಂದುಕೊಂಡೆ. ಕೇಳಲಿಲ್ಲ. ಕೇಳದೆ ಬಿಡುವುದು ನನಗೆ ಸುಲಭವಾಗಿ ಬರುತ್ತದೆ.

ಹೋದ ಹುಣ್ಣಿಮೆಯ ಆಸುಪಾಸು ಒಂದು ಭಾನುವಾರ ಮನೆಗೆ ಹೋದಾಗ ಮಾವನ ಬಲಗೈಗೆ ಬಟ್ಟೆ ಸುತ್ತಿತ್ತು. ಎರಡು ಬೆರಳಿರಬೇಕಾದ ಕಡೆ ಏನೂ ಇರಲಿಲ್ಲ.

"ಮಾವ, ಇದೇನು?"

"ಮೋಟಾರ್ ಬೆಲ್ಟಿಗೆ ಸಿಕ್ತು ಕಣವ್ವ. ಬುಧವಾರ ಸಂಜೆ." ಮಾವ ನಗಲು ನೋಡಿದ. "ಇನ್ಮೇಲೆ ಬಸ್ಸಲ್ಲಿ ಮೂರೇ ಬೆರಳಲ್ಲಿ ನೇತಾಡಬೇಕು."

ಸುತ್ತು ದಾರಿಯಲ್ಲಿ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದರಂತೆ. ಅಲ್ಲಿಂದ ಬೆಂಗಳೂರಿಗೆ. ಬೇಗ ಬಂದಿದ್ದರೆ ಬೆರಳು ಕೂಡಿಸಬಹುದಿತ್ತು ಎಂದರಂತೆ ಡಾಕ್ಟರು.

"ಏರಿ ಮೇಲೆ ಬಂದರೆ ಎರಡು ನಿಮಿಷ. ಲೇಔಟಲ್ಲೇ ಆಸ್ಪತ್ರೆ ಇದೆ, ನಾನು ಗೇಟು ತೆಗೆಸ್ತಿದ್ದೆ. ನನಗೆ ಯಾಕೆ ಹೇಳಲಿಲ್ಲ?" ಎಂದೆ.

ಅಮ್ಮ ಅನ್ನ ಬಡಿಸುತ್ತಿದ್ದಳು. ಸೌಟು ಹಿಡಿದ ಕೈ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಯಾರದೋ ಮುಖವನ್ನು ನೋಡುವ ಹಾಗೆ.

"ಬಿಡು" ಎಂದಳು.

ಆಮೇಲೆ ಮಾತಾಡಲಿಲ್ಲ. ನಾನು ಹೊರಟಾಗ ಬಾಗಿಲಿಗೆ ಬರಲಿಲ್ಲ. ಮಾವನೊಬ್ಬನೇ ಬೀದಿಯ ಕೊನೆಯವರೆಗೆ ಬಂದು ಹಿಂತಿರುಗಿದ. ಮೌನದ ಬಗ್ಗೆ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಈ ಮೌನ ನನಗೆ ಅರ್ಥವಾಗಲಿಲ್ಲ.

ಅಮಾವಾಸ್ಯೆಗೆ ಮನೆಗೆ ಹೋಗದೆ ಡ್ಯೂಟಿಗೆ ಬಂದದ್ದು ಆ ಕಾರಣಕ್ಕೆ.

ಹಸಿರು ಗೆರೆ ಮತ್ತೆ ಮೇಲೆದ್ದಿತು. ಪರದೆ ಅಳಿಸುವುದನ್ನೆಲ್ಲ ಯಂತ್ರ ಒಂದು ಕಡೆ ಕೂಡಿಡುತ್ತದೆ, ತನ್ನ ಊಹೆ ಸರಿಯಿತ್ತೇ ಎಂದು ತಾಳೆ ನೋಡಲು. ಅದನ್ನು ಯಾರೂ ಕೇಳುವುದಿಲ್ಲ. ಕಸದ ಬುಟ್ಟಿಯನ್ನು ಯಾರು ನೋಡುತ್ತಾರೆ? ನಾನು ಹೆಡ್‌ಫೋನ್ ಹಾಕಿಕೊಂಡು ಆ ದಾರಿಗೆ ತಿರುಗಿಸಿದೆ.

ಒಂದೂ ಮಗ್ಗ ಇರಲಿಲ್ಲ. ಜನ ಇದ್ದರು.

"ಏಯ್ ಗೌತಮಾ, ಹೂವ ತರೋಕೆ ಎಷ್ಟೊತ್ತೋ!" ಎಂಬ ಹೆಂಗಸಿನ ದನಿ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಇನ್ನೊಬ್ಬಳ ಮೇಲೆ ರೇಗುವ ದನಿ. ನಾಯಿಯೊಂದು ಬೊಗಳುವ ಸದ್ದು ಮಾತ್ರ ಇರಲಿಲ್ಲ. ನಾಯಿ ಅಳಿಸಿಹೋಗಿರಲಿಲ್ಲ, ಕಿಟಕಿಯ ಹೊರಗೆ ನಿಜವಾಗಿ ಕೇಳುತ್ತಿತ್ತು. ಹೆಡ್‌ಫೋನ್ ತೆಗೆದರೆ ನಾಯಿ ಮತ್ತು ಗಾಳಿ. ಹಾಕಿಕೊಂಡರೆ ನನ್ನೂರು. ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

ಆಮೇಲೆ ಆ ಬುಧವಾರದ ಸಂಜೆಯನ್ನು ಹುಡುಕಿದೆ.

ಮಗ್ಗಗಳ ಸದ್ದನ್ನು ಬದಿಗೆ ಸರಿಸಿದ ಮೇಲೆ ಅದು ತಿಳಿಯಾಗಿ ಬಂತು. "ಇಂದ್ರಾಣೀ..." ಏರಿ ಹತ್ತಿ ಬಂದ ಏದುಸಿರು. "ಇಂದ್ರಾಣೀ, ಮಾವನ ಕೈ ಹೋಯ್ತು ಕಣೇ! ಗೇಟ್ ತೆಗೆಸೇ!" ಸ್ವಲ್ಪ ಬಿಟ್ಟು, "ಅಪ್ಪಾ ವಾಚ್‌ಮನ್ನೂ, ಗೇಟು ತೆಗಿಯಪ್ಪಾ!" ಆಮೇಲೆ ಮಾವನ ದನಿ, ಹಲ್ಲು ಕಚ್ಚಿ: "ಅಲ್ಲೇ ಕುಂತವಳೆ ಕಣಕ್ಕಾ. ಕಿಟಕೀಲಿ ಕಾಣ್ತಾವಳೆ. ತಲೆ ಎತ್ತುತಿಲ್ಲ." ಅಮ್ಮ ಇನ್ನೊಮ್ಮೆ ಕೂಗಿದಳು. ಆ ಕೊನೆಯ ಕೂಗಿನಲ್ಲಿ ನನ್ನ ಹೆಸರು ಅರ್ಧಕ್ಕೆ ನಿಂತಿತು. ಯಾರೂ ಅದನ್ನು ಅಳಿಸಿದ್ದಲ್ಲ, ಅವಳೇ ನಿಲ್ಲಿಸಿದ್ದು.

ಆ ಸಂಜೆ ನಾನು ಈ ಕುರ್ಚಿಯಲ್ಲೇ ಕೂತಿದ್ದೆ. ಕಿಟಕಿ ತೆರೆದಿತ್ತು. ಎಷ್ಟು ನಿಶ್ಶಬ್ದವಾಗಿದೆ ಎಂದು ಸಂತೋಷಪಟ್ಟ ನೆನಪೂ ಇದೆ.

ಹೆಡ್‌ಫೋನ್ ಕಿತ್ತಿಟ್ಟು ಕೆಳಗಿಳಿದೆ. ಜಯತೀರ್ಥ ಕೆಳಗಿನ ಕೋಣೆಯಲ್ಲೇ ಇದ್ದರು. ಪಕ್ಕದ ಇನ್ನೊಂದು ಊರಿನಿಂದ ಪರದೆ ಬೇಕೆಂದು ಬಂದವರನ್ನು ಕಳಿಸಿ, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಸರ್, ಯಂತ್ರ ತಪ್ಪು ಕಲಿತಿದೆ" ಎಂದೆ. "ಮಗ್ಗದ ಜೊತೆ ಮನುಷ್ಯರ ದನೀನೂ ಕಲಿತುಬಿಟ್ಟಿದೆ. ನಾನು ಹಿಡಿದು ತಂದ ಮಾದರಿಯಲ್ಲಿ ಮಾತು ಸೇರಿಕೊಂಡಿತ್ತು. ಊರಿನವರು ಯಾರು ಕೂಗಿದರೂ ಈ ಕಡೆ ಬರ್ತಿಲ್ಲ."

ಅವರು ಕನ್ನಡಕ ಒರೆಸುವುದನ್ನು ನಿಲ್ಲಿಸಲಿಲ್ಲ. ಆಶ್ಚರ್ಯಪಡಲಿಲ್ಲ. ಆ ಆಶ್ಚರ್ಯಕ್ಕಾಗಿ ನಾನು ಕಾದೆ. ತರಗತಿಯಲ್ಲಿ ಸಣ್ಣ ತಪ್ಪು ತೋರಿಸಿದರೂ ಕಣ್ಣರಳಿಸುತ್ತಿದ್ದ ಮನುಷ್ಯ.

"ಕೂತ್ಕೋ ಇಂದ್ರಾಣಿ" ಎಂದರು ಕೊನೆಗೆ.

"ನಿಮಗೆ ಗೊತ್ತಿತ್ತು."

"ಮೊದಲ ಪ್ರಯೋಗ ನೆನಪಿದೆಯಾ? ಮಗ್ಗ ಪೂರ್ತಿ ಹೋಗಿತ್ತು. ಲೇಔಟಿನ ಸಂಘದವರು ಬಂದು ಕೇಳಿ ನೋಡಿದರು. ಮಗ್ಗ ಏನೋ ಹೋಯ್ತು, ಆ ಕಡೆ ಗಲಾಟೆ ಹೋಗಲಿಲ್ಲ ಅಂದರು. ಬೈಯೋದು, ಕೂಗೋದು ಎಲ್ಲ ಈಗ ಇನ್ನೂ ಚೆನ್ನಾಗಿ ಕೇಳಿಸುತ್ತೆ ಅಂದರು. ಅವರು ಒಪ್ಪದೇ ಇದ್ದಿದ್ದರೆ ನಿಮ್ಮ ಬೀದಿ ಇವತ್ತು ಇರ್ತಿರಲಿಲ್ಲ."

"ಅದಕ್ಕೇ ಎರಡನೇ ಸಲ ನನ್ನನ್ನ ಕಳಿಸಿದಿರಿ. ಮಗ್ಗ ನಿಲ್ಲಿಸಬೇಡ, ಮಾತಾಡಿಸು ಅಂದಿರಿ."

ಅವರು ಒರೆಸಿದ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ನನ್ನ ಮಾವನ ಬೆರಳು ಹೋಯ್ತು ಸರ್. ನಮ್ಮಮ್ಮ ಏರಿ ಮೇಲೆ ನಿಂತು ಕೂಗಿದಾಳೆ. ನಾನು ಕಿಟಕಿಯಲ್ಲೇ ಇದ್ದೆ."

"ಛೆ" ಎಂದರು. ಆ ಉದ್ಗಾರ ನಿಜವಾದದ್ದೇ. ಅದರಿಂದಲೇ ಹೆಚ್ಚು ನೋವಾಯಿತು. "ನಾವು ಯಾರ ಬಾಯನ್ನೂ ಮುಚ್ಚಿಲ್ಲಮ್ಮ. ಅವರ ಊರಲ್ಲಿ ಅವರು ಎಷ್ಟು ಬೇಕಾದರೂ ಮಾತಾಡಬಹುದು. ಇದನ್ನ ಬದಲಾಯಿಸೋದು ಈಗ ನನ್ನ ಕೈಲೂ ಇಲ್ಲ, ಒಪ್ಪಂದ ಆಗಿದೆ. ಒಂದು ಮಾತು ಹೇಳಲಾ? ನೀನು ಇಷ್ಟು ತಲೆ ಕೆಡಿಸ್ಕೋಬೇಡ. ಓದಿ ಮೇಲೆ ಬಂದಿದೀಯ. ನೀನೀಗ ಈ ಕಡೆಯವಳು."

ನಾನು ಎದ್ದು ಬಂದೆ. ಗೇಟು ದಾಟಿ, ಕಂಬಗಳ ನಡುವೆ ನುಗ್ಗಿ ಏರಿಯ ಈಚೆಗೆ ಇಳಿದೆ. ದಾಟುವಾಗ ಏನೂ ಅನಿಸಲಿಲ್ಲ, ಗಾಳಿಯಷ್ಟೇ. ಇಳಿದೊಡನೆ ಊರು ಕಿವಿಗೆ ತುಂಬಿಕೊಂಡಿತು.

ಅಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮಗ್ಗಕ್ಕೆ ಪೂಜೆ ಆಗಿತ್ತು. ಮಾವ ಎಡಗೈಯಲ್ಲಿ ಬೀಡಿ ಹಿಡಿದು ಕೂತಿದ್ದ.

"ಅಮ್ಮ, ಅವತ್ತು ನೀನು ಕೂಗಿದ್ದು ನನಗೆ ಕೇಳಿಸಲಿಲ್ಲ."

ಅವಳು ಮೊರದಿಂದ ತಲೆಯೆತ್ತಲಿಲ್ಲ. "ಸಂತೆಬೀದಿ ಜನ ಎಲ್ಲ ಓಡಿಬಂದ್ರು. ನಿನಗೆ ಕೇಳಿಸಲಿಲ್ವಾ?"

"ನಿಜವಾಗಿಯೂ ಇಲ್ಲ ಅಮ್ಮ."

"ನಿನ್ನ ತಲೆ ಕಾಣ್ತಿತ್ತು ಕಣೇ. ಜಡೆ ಕೂಡ ಕಾಣ್ತಿತ್ತು." ಒಂದು ಕಲ್ಲು ಆರಿಸಿ ಬೀದಿಗೆ ಎಸೆದಳು. "ಅದಕ್ಕೆ ಮುಂಚೆ ಎಷ್ಟು ಸಂಜೆ ಕೂಗೀನಿ. ಅಲ್ಲಿ ಎಲ್ಲಾರ ಎದುರು ಈ ಬಾಯಿಗೆ ಓ ಅನ್ನೋಕೆ ನಾಚಿಕೆ ಆಯ್ತದೇನೋ ಅಂತ ಸುಮ್ಮನಾದೆ. ಅದು ಸರಿ. ಆದರೆ ನಿಮ್ಮಾವ ರಕ್ತ ಸುರಿಸ್ಕೊಂಡು ನಿಂತಾಗಲೂ..." ಮೊರವನ್ನು ಜೋರಾಗಿ ಜಾಡಿಸಿದಳು.

ನಾನು ಪರದೆಯ ಬಗ್ಗೆ ಹೇಳಿದೆ. ಮೈಕಿನ ಬಗ್ಗೆ, ಮಾತಿನ ಬಗ್ಗೆ, ಜಯತೀರ್ಥರ ಬಗ್ಗೆ. ಹೇಳುತ್ತಾ ಹೋದಂತೆ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು.

"ಓದಿರೋಳು" ಎಂದಳು ಅಮ್ಮ. "ನಿನಗೆ ಎಂಥ ನೆಪಾನೂ ಸಿಗ್ತದೆ."

"ಬಾ, ತೋರಿಸ್ತೀನಿ. ಮಾವ, ನೀನೂ ಬಾ."

ಮಾವ ಮೊದಲು ಎದ್ದ. ಅವನಿಗೆ ನಂಬುವ ಆಸೆಯಿತ್ತು. ಅಮ್ಮ ಗೊಣಗುತ್ತಾ, ಮೊಣಕಾಲು ಹಿಡಿದುಕೊಂಡು ಏರಿ ಹತ್ತಿದಳು. ಕಂಬಗಳ ಆಚೆಗೆ ನೀರಿನ ಅಂಚಿನಲ್ಲಿ ತೂಬಿನ ಕಟ್ಟೆಯಿದೆ, ಕೂಗಳತೆಯೂ ಅಲ್ಲ, ಮಾತಿನ ಅಳತೆ. ಅವಳನ್ನು ಅಲ್ಲಿ ನಿಲ್ಲಿಸಿ ನಾನೂ ಮಾವನೂ ಈಚೆ ಉಳಿದೆವು.

"ಕೂಗು ಮಾವ."

"ಏನಂತ ಕೂಗ್ಲಿ?"

"ಬೈಯಿ. ಅಮ್ಮ ರೇಗೋ ಥರ ಏನಾದರೂ."

ಮಾವ ಗಂಟಲು ಸರಿಮಾಡಿಕೊಂಡ. "ಅಕ್ಕಯ್ಯಾ! ನಿನ್ನ ಹುಳಿಸಾರು ನಾಯೀನೂ ಮೂಸಲ್ಲ ಕಣೇ!"

ಅಮ್ಮ ಕೈ ಕಟ್ಟಿಕೊಂಡು ನಿಂತೇ ಇದ್ದಳು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಮಾವ ನನ್ನ ಕಡೆ ತಿರುಗಿದ. ಅವನ ಬಾಯಿ ತೆರೆದೇ ಇತ್ತು.

ನೋಡಿದೆಯಾ ಅಮ್ಮ ಎನ್ನುವ ಉತ್ಸಾಹದಲ್ಲಿ ನಾನು ಕೂಗಿದೆ: "ಅಮ್ಮಾ, ಮಾವ ಬೈದಿದ್ದು ಕೇಳಿಸಿತಾ?"

ಅಮ್ಮ ಕಿವಿಯ ಹಿಂದೆ ಅಂಗೈ ಇಟ್ಟಳು.

"ಅಮ್ಮಾ!"

ಆಚೆಯಿಂದ ಅವಳ ದನಿ ತಡೆಯಿಲ್ಲದೆ ನಮ್ಮ ಕಡೆಗೆ ಬಂತು. "ಏನೇ ಅದು? ಬರೀ ಬಾಯಿ ಆಡಿಸ್ತಿದೀಯ. ದನೀನೇ ಇಲ್ಲ!"

ನಾನು ಅಲ್ಲೇ ನಿಂತೆ. ಮಾದರಿ ಹಿಡಿದ ದಿನಗಳಲ್ಲಿ ಮನೆಮನೆಯಲ್ಲೂ ಮಗ್ಗದ ಮೇಲೆ ದನಿ ಎತ್ತಿ ಮಾತಾಡಿದವಳು ನಾನೇ. ಎಲ್ಲರಿಗಿಂತ ಹೆಚ್ಚು ಸಲ ಆ ಮೈಕಿಗೆ ಸಿಕ್ಕಿದ ದನಿ ನನ್ನದು. ಹಾಸ್ಟೆಲಿನಲ್ಲಿ ನಾನು ಅಷ್ಟು ಕಷ್ಟಪಟ್ಟು ಅಡಗಿಸಿದ ಆ ಎಳೆತವನ್ನು ಯಂತ್ರ ನೆನಪಿಟ್ಟುಕೊಂಡಿತ್ತು. ಅದು ಮೊದಲು ಯಾರ ದನಿಯನ್ನು ಕಲಿಯುತ್ತದೆಂದು ಜಯತೀರ್ಥರಿಗೆ ಗೊತ್ತಿರಲೇಬೇಕು. ನೀನೀಗ ಈ ಕಡೆಯವಳು ಎಂದು ಅವರು ನನಗೆ ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

ನೀರಿನಾಚೆ ಕ್ಲಬ್ ಹೌಸಿನ ಕಿಟಕಿಯಲ್ಲಿ ಅವರು ಬಂದು ನಿಂತದ್ದು ಕಂಡಿತು. ಬಿಳಿ ಅಂಗಿ, ಕನ್ನಡಕದ ಹೊಳಪು. "ಸರ್!" ಎಂದು ಕೂಗಿದೆ, ಎದೆಯೊಡೆಯುವಂತೆ. ಅವರು ನಮ್ಮ ಕಡೆಗೇ ನೋಡುತ್ತಿದ್ದರು. ಬೇಸಿಗೆಯ ಸಂಜೆಯ ನಿಶ್ಶಬ್ದವನ್ನು ಮೆಚ್ಚುವವರ ಹಾಗೆ ಸ್ವಲ್ಪ ಹೊತ್ತು ನಿಂತು, ಕಿಟಕಿಯ ಬಾಗಿಲು ಎಳೆದುಕೊಂಡರು.

ಅಮ್ಮ ಕಟ್ಟೆಯಿಂದ ಮೇಲೆ ಬಂದಳು. ಮೊಣಕಾಲಿನ ನೋವು ಮರೆತ ಹಾಗೆ ಸರಸರನೆ ಬಂದಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಏನೂ ಹೇಳಲಿಲ್ಲ. ಈ ಮೌನ ಮಾತ್ರ ನನಗೆ ಅರ್ಥವಾಯಿತು.

"ನಿನ್ನದೂ ತಗೊಂಡ್ರೇನೇ?" ಎಂದಳು ಆಮೇಲೆ.

"ಹೂಂ ಅಮ್ಮ."

"ಯಾವುದನ್ನ ಕಲಿತಿದಾರೋ ಅದಷ್ಟೇ ಹೋಗೋದು ಅಂದ್ಯಲ್ಲ?"

"ಹೌದು."

ಅವಳು ಬಗ್ಗಿ ಏರಿಯ ಕಲ್ಲೊಂದನ್ನು ಎತ್ತಿಕೊಂಡಳು. ಹತ್ತಿರದ ಕಂಬದ ಮುಂದೆ ಕಾಲು ಅಗಲಿಸಿ ನಿಂತಳು, ಮಗ್ಗದ ಮುಂದೆ ನಿಲ್ಲುವ ಹಾಗೆಯೇ. ಬೀಸಿ ಹೊಡೆದಳು. ಕಬ್ಬಿಣ ಗಣಗುಟ್ಟಿತು. ಆ ಸದ್ದು ನೀರಿನ ಮೇಲೆ ಹಾದುಹೋಗಿ ಲೇಔಟಿನ ಗೋಡೆಗೆ ಬಡಿದು ಮರಳಿ ಬಂತು. ಆಚೆ ನಾಯಿಗಳು ಬೊಗಳತೊಡಗಿದವು. ಮತ್ತೆ ಹೊಡೆದಳು. ಒಂದು ಬಾಲ್ಕನಿಯ ಬಾಗಿಲು ಸರಿಯಿತು, ಇನ್ನೊಂದು ಸರಿಯಿತು. ಗೇಟಿನ ಕಾವಲುಗಾರ ಫೋನು ಬಿಟ್ಟು ಎದ್ದು ನಿಂತು ಏರಿಯ ಕಡೆ ನೋಡಿದ. ಜಯತೀರ್ಥರ ಕಿಟಕಿ ತೆರೆಯಿತು.

ಮಾವ ಎಡಗೈಗೆ ಸಿಕ್ಕ ಕಲ್ಲನ್ನು ಎತ್ತಿಕೊಂಡು ಮುಂದಿನ ಕಂಬಕ್ಕೆ ಹೋದ.

ಅಮ್ಮನ ಹೊಡೆತ ಆಗಲೇ ಲಯಕ್ಕೆ ಬರತೊಡಗಿತ್ತು. ನಲವತ್ತು ವರ್ಷ ಮಗ್ಗದ ಮುಂದೆ ನಿಂತ ಮೈ ಅದು. ಎರಡನೆಯ ಏಟಿನಿಂದಲೇ ಸಮನಾಗಿ ಬೀಳುತ್ತಿತ್ತು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲದೆ. ಕಂಬದೊಳಗಿನ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತಿದೆ ಎಂದು ನನಗೆ ಗೊತ್ತಿತ್ತು.

ನಾನು ಅವಳ ಮೊಣಕೈ ಹಿಡಿದೆ.

"ಅಮ್ಮ, ಒಂದೇ ಥರ ಹೊಡೀಬೇಡ" ಎಂದೆ. "ಕಲಿತುಬಿಡುತ್ತೆ."